ಆರನೆಯ ಮೊಳೆ

“ಚೆನ್ನಾಗಿದೆ ಅಂದೆನಲ್ಲಮ್ಮ ಈರಮ್ಮ, ಮೂರು ಸಲ ಅಂದೆ. ಇನ್ನೇನು, ರಾಗ ಹಾಕಿ ಹಾಡಿ ತೋರಿಸ್ಲಾ?” ಎಂದರು ಗುರುಬಸಯ್ಯ ಮೇಷ್ಟ್ರು, ಬಾಗಿಲ ಹಿಡಿಕೆಯನ್ನು ಎರಡೂ ಕೈಯಲ್ಲಿ ಜಗ್ಗುತ್ತ.

“ಹಾಡಿದ್ರೂ ಅಷ್ಟೇ ಮೇಷ್ಟ್ರೇ, ಅದು ಬಿಡಲ್ಲ. ಏನನ್ನಿಸ್ತೋ ಅದನ್ನೇ ಹೇಳಿ. ನಿಮ್ಮ ಹಿಂದೆ ಇನ್ನೂರು ಜನ ನಿಂತಿದಾರೆ,” ಅಂದೆ ನಾನು.

ನಮ್ಮೂರಿನ ಟಾಕೀಸಿಗೆ ಒಳಗೆ ಬರಲು ಒಂದು ಬಾಗಿಲು, ಹೊರಗೆ ಹೋಗಲು ಇನ್ನೊಂದು. ಬರುವ ಬಾಗಿಲಿಗೆ ಟಿಕೆಟ್ ಕೊಟ್ಟರೆ ಸಾಕು. ಹೋಗುವ ಬಾಗಿಲಿಗೆ ಮಾತು ಕೊಡಬೇಕು. ನೋಡಿದ ಸಿನಿಮಾ ನಿಮಗೆ ಏನನ್ನಿಸಿತು ಅಂತ ನಿಜ ಹೇಳಿದರೆ ಆ ತೇಗದ ಬಾಗಿಲಿನ ಬಲಗಡೆಯ ಕದ ಒಬ್ಬರು ದಾಟುವಷ್ಟು ತೆರೆದುಕೊಳ್ಳುತ್ತದೆ, ಅವರು ದಾಟಿದ ಮೇಲೆ ಮುಚ್ಚಿಕೊಳ್ಳುತ್ತದೆ. ಸುಳ್ಳು ಹೇಳಿದರೆ ಅಲ್ಲಾಡುವುದಿಲ್ಲ. ಮೊದಲಿನಿಂದಲೂ ಹೀಗೇ. ಜನರೂ ಒಗ್ಗಿಕೊಂಡಿದ್ದಾರೆ. ಬಸ್ಸಿಗೆ ಹೋಗಬೇಕಾದವರು ಇಂಟರ್‌ವಲ್ಲಿನಲ್ಲೇ ಮಾತು ಹೊಂದಿಸಿಕೊಳ್ಳುತ್ತಾರೆ. ಕೈಗೂಸುಗಳಿಗೆ ಯಾವ ತೊಂದರೆಯೂ ಇಲ್ಲ, ಒಂದು ಸಲ ಅತ್ತರೆ ಸಾಕು. ಬೀಗರ ಜೊತೆ ಮಾತ್ರ ಯಾರೂ ಸಿನಿಮಾಕ್ಕೆ ಬರುವುದಿಲ್ಲ. ಆದರೆ ಹೆಣ್ಣು ನೋಡಲು ಬಂದ ಹುಡುಗನನ್ನು ಕಾಫಿ ಆದ ಮೇಲೆ ಬೇಕೆಂದೇ ಇಲ್ಲಿಗೆ ಕರೆತರುತ್ತಾರೆ. ಎಷ್ಟೋ ಸಂಬಂಧ ಈ ಬಾಗಿಲಲ್ಲೇ ಕುದುರಿವೆ, ಎಷ್ಟೋ ಇಲ್ಲೇ ಮುರಿದಿವೆ.

ನಾನು ಆ ಬಾಗಿಲಿನವಳು. ಹತ್ತೊಂಬತ್ತು ವರ್ಷದಿಂದ. ಸಾಲು ನಿಲ್ಲಿಸುವುದು, ಮುದುಕರಿಗೆ ಕುರ್ಚಿ ಕೊಡುವುದು, ಜಗಳ ಬಿಡಿಸುವುದು ನನ್ನ ಕೆಲಸ. ಒಂದನ್ನು ಮಾತ್ರ ಮಾಡುವಂತಿಲ್ಲ: ಯಾರಿಗೂ ಏನು ಹೇಳಬೇಕು ಅಂತ ಹೇಳಿಕೊಡುವಂತಿಲ್ಲ. ಇನ್ನೊಂದು ಕೆಲಸವೂ ಇದೆ. ಹೊಸ ಸಿನಿಮಾ ಬಂದ ದಿನ, ಜನ ಬಾಗಿಲಲ್ಲಿ ಆಡಿದ ಮಾತುಗಳಲ್ಲಿ ಒಂದನ್ನು ಆರಿಸಿ ಹೊರಗಿನ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಯಬೇಕು, ಆಡಿದವರ ಹೆಸರಿನ ಸಮೇತ. ಆ ಸಿನಿಮಾಕ್ಕೆ ನಮ್ಮೂರಲ್ಲಿ ಅದೊಂದೇ ಜಾಹೀರಾತು. ನಾನು ಶಾಲೆಗೆ ಹೋದವಳಲ್ಲ. ಪೋಸ್ಟರ್ ನೋಡಿ ನೋಡಿ ಅಕ್ಷರ ಕಲಿತವಳು. ಅದಕ್ಕೇ ನನ್ನ ಅಕ್ಷರಗಳೆಲ್ಲ ಮೊಳದುದ್ದ ಬರುತ್ತವೆ, ಅಂಗಡಿಯ ಚೀಟಿ ಬರೆಯಲಿಕ್ಕೂ ನನಗೆ ಗೋಡೆಯೇ ಬೇಕು.

ಅವತ್ತು ಮೇಷ್ಟ್ರು ಹಿಡಿಕೆ ಬಿಟ್ಟು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

“ಆ ಗೊರವಂಕದ ಮರಿ ಒಂದು ಪ್ರಶ್ನೆ ಕೇಳುತ್ತಲ್ಲ,” ಅಂದರು ಮೆಲ್ಲಗೆ, “ನನ್ನ ಕ್ಲಾಸಲ್ಲಿ ಅದನ್ನ ಯಾವ ಹುಡುಗ ಕೇಳಿದ್ರೂ ನಾನು ಕೂತ್ಕೋ ಅಂತಿದ್ದೆ. ಅಂದಿದೀನಿ ಕೂಡ.”

ಕದ ತೆರೆಯಿತು. ಮೇಷ್ಟ್ರು ಬಿಸಿಲಿಗೆ ಇಳಿದರು. ಹೊರಗೆ ಗೋಡೆಗೆ ಒರಗಿ, ಬೋರಲು ಹಾಕಿದ ಸೋಡಾ ಪೆಟ್ಟಿಗೆಯ ಮೇಲೆ ಕೂತಿದ್ದ ಹುಲಿಗೆಮ್ಮ ಅವರನ್ನು ನೋಡಿ ಎದ್ದು ನಿಂತಳು. ಅವರು ಅವಳಿಗೆ ಕೈಮುಗಿದು ಮುಂದೆ ಹೋದರು. ಮೇಷ್ಟ್ರು ಅವಳಿಗೇ ಕೈಮುಗಿದದ್ದು! ಅವಳು ಅವರದೇ ಶಾಲೆಯಲ್ಲಿ ಐದನೇ ಕ್ಲಾಸಿಗೆ ಓದು ಬಿಟ್ಟವಳು.

ಸಿನಿಮಾ ಅವಳದು, ನಾವು ಕರೆಯುವುದು ಹುಲಿಗಿ ಅಂತ. ನಮ್ಮ ಕೇರಿಯ ಹುಡುಗಿ, ಶಾಲೆ ಬಿಟ್ಟ ಮೇಲೆ ಮನೆಯಲ್ಲೇ ಓದಿ ಪಾಸು ಮಾಡಿಕೊಂಡು ಅಂಗನವಾಡಿ ಟೀಚರಾದಳು. ಏಳು ವರ್ಷ ಸಾಯಂಕಾಲದ ಹೊತ್ತು ಕೂತು, ಒಂದೊಂದೇ ಹಾಳೆಯ ಮೇಲೆ ಹಕ್ಕಿ ಬರೆದು ಬಣ್ಣ ಹಚ್ಚಿದಳು. ಹಕ್ಕಿ ಒಂದು ಸಲ ರೆಕ್ಕೆ ಬಡಿಯಬೇಕಾದರೆ ಎಷ್ಟು ಹಾಳೆ ಬೇಕು ಅಂತ ಕೇಳಿ ನಾನು ತಲೆ ಮೇಲೆ ಕೈಹೊತ್ತು ಕೂತಿದ್ದೆ. ಹನ್ನೊಂದು ಟ್ರಂಕು ಚಿತ್ರ ಇವೆ ಅವಳ ಮನೆಯಲ್ಲಿ, ಮಲಗಲಿಕ್ಕೆ ಜಾಗವಿಲ್ಲ. ಮರಿಗಳ ದನಿ ಅಂಗನವಾಡಿ ಮಕ್ಕಳದು. ಉಳಿದ ಎಲ್ಲಾ ಹಕ್ಕಿಗಳ ದನಿ ಅವಳೇ.

ಕಥೆ ಇಷ್ಟೇ. ಗೊರವಂಕದ ಸಂಸಾರವೊಂದು ದೊಡ್ಡ ಆಲದ ಮರಕ್ಕೆ ಬಂದು ಸೇರುತ್ತದೆ. ಅಪ್ಪ, ಅಮ್ಮ, ಅಜ್ಜಿ, ಎರಡು ಮರಿ. ಮರದ ಕೆಳಗೆ ಬಿದ್ದದ್ದನ್ನೆಲ್ಲ ಆರಿಸಿ ಚೊಕ್ಕಟ ಮಾಡುವುದು ಇವರ ಪಾಲಿನ ಕೆಲಸ. ಮರದಲ್ಲಿ ಗಿಳಿಯೊಂದು ಹೋಟೆಲ್ ಇಟ್ಟಿದೆ, ಕೋಟು ಹಾಕಿಕೊಂಡ ದಪ್ಪ ಗಿಳಿ. ಬೇರೆ ಹಕ್ಕಿಗಳಿಗೆಲ್ಲ ಒಳಗೆ ಎಲೆಯ ಬಟ್ಟಲಲ್ಲಿ ಹಣ್ಣಿನ ರಸ. ಈ ಐದು ಜನಕ್ಕೆ ಹೊರಗೆ ಮುಳ್ಳಿಗೆ ನೇತುಹಾಕಿದ ಐದು ತೆಂಗಿನ ಚಿಪ್ಪು. ತಾವೇ ತೆಗೆದುಕೊಳ್ಳಬೇಕು, ತಾವೇ ತೊಳೆದು ನೇತುಹಾಕಬೇಕು. ಚಿಕ್ಕ ಮರಿ ಒಂದು ದಿನ ಕೇಳುತ್ತದೆ: “ಅಮ್ಮ, ನಮ್ಮ ಚಿಪ್ಪಿಗೆ ಮಾತ್ರ ಯಾಕೆ ಮುಳ್ಳು?” ಮೇಷ್ಟ್ರು ಹೇಳಿದ ಪ್ರಶ್ನೆ ಅದೇ. ಮುಂದೆ ನಗು ಇದೆ, ಓಟ ಇದೆ, ಗಿಳಿ ಕೆಸರಿಗೆ ಬೀಳುವುದಿದೆ. ಕೊನೆಗೆ ದೊಡ್ಡ ಗಾಳಿ ಬೀಸಿ ಚಿಪ್ಪು, ಬಟ್ಟಲು ಎಲ್ಲ ನೆಲಕ್ಕೆ ಬಿದ್ದು ಕಲೆತುಹೋಗುತ್ತವೆ. ಗಿಳಿ ಒಂದೊಂದನ್ನೇ ಎತ್ತಿ ಮೂಸುತ್ತ ಕೂತಿರುವಾಗ ಸಿನಿಮಾ ಮುಗಿಯುತ್ತದೆ.

ಪಕ್ಕದ ಎರಡು ಊರಿನ ಟಾಕೀಸಿನವರು ಸಿನಿಮಾದ ಡಬ್ಬ ವಾಪಸ್ ಕಳಿಸಿದ್ದರು. ಮಕ್ಕಳ ಸಿನಿಮಾದಲ್ಲಿ ಇಂಥದ್ದೆಲ್ಲ ಯಾಕಮ್ಮ ಅಂದಿದ್ದರಂತೆ. ನಮ್ಮ ಟಾಕೀಸಿನ ಯಜಮಾನ ನಾಗೋಜಿರಾಯರು ಹಾಗನ್ನಲಿಲ್ಲ. ಅವರಲ್ಲಿ ತಾತನ ಕಾಲದಿಂದ ಬಂದ ಒಂದು ಕಟ್ಟಳೆ ಇದೆ, ಎಲ್ಲ ಸಿನಿಮಾಕ್ಕೂ ಒಂದೇ. ಮೊದಲ ಆಟ ನೋಡಿದವರೆಲ್ಲ ಎರಡನೇ ಆಟದ ಗಂಟೆ ಹೊಡೆಯುವುದರೊಳಗೆ ಹೊರಗೆ ಹೋಗಿರಬೇಕು. ಹೋದರೆ ಸಿನಿಮಾ ನಲವತ್ತು ದಿನ ಓಡುತ್ತದೆ. ಒಬ್ಬೇ ಒಬ್ಬರು ಒಳಗೆ ಉಳಿದರೂ ಡಬ್ಬ ವಾಪಸ್. ನೋಡಿದವರು ನಿಜ ಹೇಳಲಾಗದ ಸಿನಿಮಾ ನಮಗೆ ಬೇಡ, ಅನ್ನುತ್ತಿದ್ದರಂತೆ ಆ ತಾತ.

“ಇಲ್ಲೂ ವಾಪಸ್ ಬಂದ್ರೆ ಮುಗೀತು ಈರಕ್ಕ,” ಅಂದಿದ್ದಳು ಹುಲಿಗಿ ಹಿಂದಿನ ದಿನ. “ನಾಲ್ಕನೇ ಕಡೆ ಹೋಗಿ ಕೇಳೋ ಮುಖ ನಂಗಿಲ್ಲ. ಟ್ರಂಕು ಖಾಲಿ ಮಾಡ್ತೀನಿ. ಅಂಗನವಾಡಿ ಮಕ್ಕಳಿಗೆ ಹಾಳೆ ಹಿಂದುಗಡೆ ಬರೆಯೋಕಾದ್ರೂ ಆಗುತ್ತೆ.” ನಗುತ್ತಲೇ ಅಂದಳು. ಅವಳು ನಕ್ಕದ್ದು ನನಗೆ ಇಷ್ಟವಾಗಲಿಲ್ಲ.

ಆಟ ಹನ್ನೆರಡಕ್ಕೆ ಬಿಟ್ಟಿತು. ಗಂಟೆ ಎರಡಕ್ಕೆ. ಮೇಷ್ಟ್ರು ದಾಟಿದ ಮೇಲೆ ಸಾಲು ಸರಸರ ಸಾಗಿತು. ಈ ಹತ್ತೊಂಬತ್ತು ವರ್ಷದಲ್ಲಿ ಅಂಥ ಸಾಲು ನಾನು ಕಂಡಿಲ್ಲ. ಜನ ಮೊದಲು ಮಾಮೂಲು ಮಾತು ಹೇಳಿ ನೋಡುತ್ತಾರೆ. ಅವತ್ತು ಅದು ಯಾರದ್ದೂ ನಡೆಯಲಿಲ್ಲ. ಬುದ್ಧಿವಾದ ಚೆನ್ನಾಗಿದೆ ಅಂದವರು, ಸಮಾಜಕ್ಕೆ ಒಳ್ಳೇ ಸಂದೇಶ ಅಂದವರು ಎಲ್ಲರೂ ಹಿಡಿಕೆ ಹಿಡಿದುಕೊಂಡು ನಿಂತರು. ಆಮೇಲೆ ಬಾಯಿ ಬಿಟ್ಟರು ನೋಡಿ.

“ಆ ಅಮ್ಮ ಮರಿ ಬಾಯಿಗೆ ಹುಳ ತುರುಕಿ ಸುಮ್ನಿರು ಅಂತಾಳಲ್ಲ,” ಅಂದಳು ಹೂ ಮಾರುವ ಶಾರದಮ್ಮ, “ಥೂ, ನಾನೂ ಥೇಟ್ ಹಂಗೇ ಮಾಡೋದು.” ಕದ ತೆರೆಯಿತು.

ದರ್ಜಿ ಇಮಾಮಣ್ಣ ಬಹಳ ಹೊತ್ತು ಯೋಚಿಸಿ, “ಗಿಳಿ ಕೋಟಿನ ಕಾಲರ್ ತಪ್ಪು ಹೊಲಿಗೆ. ಪೂರ್ತಿ ಸಿನಿಮಾ ಅದೇ ಕಾಣ್ತು ನಂಗೆ, ಬೇರೇನೂ ಕಾಣಲಿಲ್ಲ,” ಅಂದ. ತೆರೆಯಿತು. ಹೊರಗಿನಿಂದ ಹುಲಿಗಿ ಕೂಗಿದಳು, “ಮುಂದಿನ ಸಿನಿಮಾಕ್ಕೆ ನೀನೇ ಹೊಲಿದುಕೊಡು ಮಾಮಾ!”

“ನಿದ್ದೆ ಬಂತು,” ಅಂದ ಒಬ್ಬ ಮುದುಕ. ಅಷ್ಟಕ್ಕೇ ಹೋದ.

ಒಬ್ಬ ಪಡ್ಡೆ ಹುಡುಗ ಸಾಲಿನಲ್ಲಿ ನನ್ನ ಹತ್ತಿರ ಬಂದು, “ಅಕ್ಕ, ಗುಟ್ಟಾಗಿ ಹೇಳಬಹುದಾ?” ಅಂದ. ಗುಟ್ಟು ಇಲ್ಲಿ ನಡೆಯೋದಿಲ್ಲಪ್ಪ ಅಂದೆ. ಅವನು ಕಣ್ಣು ಮುಚ್ಚಿಕೊಂಡು, “ಸಿನಿಮಾ ನೋಡ್ಲಿಲ್ಲ, ಮುಂದಿನ ಸಾಲಲ್ಲಿ ವನಮಾಲಾ ಕೂತಿದ್ಲು,” ಅಂತ ಕಿರುಚಿದ. ಟಾಕೀಸು ಹಾರಿಹೋಗುವ ಹಾಗೆ ಜನ ನಕ್ಕರು. ನಾಲ್ಕು ಜನ ಬಿಟ್ಟು ವನಮಾಲಾ ಬಂದಳು. “ಸಿನಿಮಾ ಚೆನ್ನಾಗಿತ್ತು, ಆದ್ರೆ ಹಿಂದಿನ ಸಾಲಲ್ಲಿ ಯಾರೋ ಉಸಿರು ಬಿಡ್ತಿದ್ರು,” ಅಂದಳು. ತೆರೆಯಿತು.

ಚರಂಡಿ ಕೆಲಸದ ಮೈಲಪ್ಪ ತನ್ನ ಸರದಿ ಬಂದಾಗ ಟವೆಲ್ಲನ್ನು ಹೆಗಲಿಂದ ತೆಗೆದು ಮತ್ತೆ ಹೆಗಲಿಗೇ ಹಾಕಿಕೊಂಡ. “ನಮ್ಮನ್ನ ಹಕ್ಕಿ ಮಾಡಿದ್ದು ಖುಷಿ ಆಯ್ತು,” ಅಂದ. “ಹಾರ್ತಾವೆ ಅವು.” ಬಾಗಿಲು ತೆರೆದೇ ಇತ್ತು, ಅವನು ಹೋಗುವುದನ್ನು ಮರೆತು ನಿಂತಿದ್ದ.

ಒಂದೊಂದು ಮಾತೂ ಹೊರಗೆ ಹುಲಿಗಿಯ ಕಿವಿಗೆ ಬೀಳುತ್ತಿತ್ತು. ಕದ ತೆರೆದಾಗಲೆಲ್ಲ ನಾನು ಅವಳ ಮುಖ ಒಂದು ಚೂರು ನೋಡುತ್ತಿದ್ದೆ. ಮೊದಲು ಉಗುರು ಕಚ್ಚುತ್ತಿದ್ದವಳು ಆಮೇಲೆ ಕಾಲು ಚಾಚಿ ಕೂತಳು, ಆಮೇಲೆ ದಾಟಿ ಬಂದವರೆಲ್ಲ ಹೋಗದೆ ಅವಳ ಸುತ್ತ ನಿಂತುಕೊಂಡರು, ಆಮೇಲೆ ನನಗೆ ಅವಳು ಕಾಣಿಸಲೇ ಇಲ್ಲ, ಬರೀ ಜನರ ಬೆನ್ನು. ಇನ್ನೂರ ಹನ್ನೆರಡು ಟಿಕೆಟ್ಟಿನಲ್ಲಿ ಇನ್ನೂರ ಹತ್ತು ಜನ ಒಂದೂವರೆ ಗಂಟೆಗೆ ಸರಿಯಾಗಿ ಹೊರಗಿದ್ದರು.

ಇನ್ನೂರ ಹನ್ನೊಂದನೆಯದು ಹಾಲಪ್ಪನ ಮೊಮ್ಮಗಳು ಪುಟ್ಟಿ. ಅವಳು ತಾತನ ಕೈ ಬಿಡಿಸಿಕೊಂಡು ಬಾಗಿಲ ಹತ್ತಿರ ಬಂದು, “ಗಿಳಿ ನಮ್ಮ ತಾತನ ಥರಾನೇ ಕೆಮ್ಮುತ್ತೆ!” ಅಂದಳು. ಕದ ತೆರೆಯಿತು. ಹೊರಗಿನ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕದ ಮುಚ್ಚಿತು.

ಒಳಗೆ ಉಳಿದವರು ನಾನು ಮತ್ತು ಹಾಲಪ್ಪ.

ಹಾಲಪ್ಪನದು ಟಾಕೀಸಿನ ಎದುರಿಗಿರುವ ಹೋಟೆಲ್. ಅವರಪ್ಪನ ಕಾಲದ್ದು. ಚಹಾ ಸುರಿಯುವ ಮುಂಚೆ ಒಂದು ಸಲ ಕೆಮ್ಮುವುದು ಅವನ ಅಭ್ಯಾಸ, ಸೀನು ಬಂದರೂ ಮೊದಲು ಕೆಮ್ಮುತ್ತಾನೆ. ಅವನ ಹೋಟೆಲಿನ ಹಿಂದಿನ ಗೋಡೆಯಲ್ಲಿ ಆರು ಮೊಳೆ ಇವೆ, ಆರು ಮೊಳೆಗೆ ಆರು ಸ್ಟೀಲ್ ಲೋಟ. ಅವು ನಮ್ಮ ಕೇರಿಯವರಿಗೆ. ಆರನೆಯದು ನನ್ನದು. ನಾನು ಬಾಗಿಲಿನ ಕೆಲಸಕ್ಕೆ ಸೇರಿದ ವಾರ ಬಂದು ಸೇರಿದ ಲೋಟ, ಅಂಚಿನ ಹತ್ತಿರ ಹೆಬ್ಬೆರಳು ಕೂರುವಷ್ಟು ತಗ್ಗಿದೆ. ಹತ್ತೊಂಬತ್ತು ವರ್ಷ ಆ ತಗ್ಗಿನಲ್ಲಿ ಹೆಬ್ಬೆರಳಿಟ್ಟು ಚಹಾ ಕುಡಿದಿದ್ದೇನೆ. ಟಾಕೀಸಿನೊಳಗೆ ಎಲ್ಲರದೂ ಒಂದೇ ಸಾಲು, ಒಂದೇ ಬಾಗಿಲು. ರಸ್ತೆ ದಾಟಿದರೆ ಗೋಡೆ. ಊರಲ್ಲಿ ಇದು ಎಲ್ಲರಿಗೂ ಗೊತ್ತು, ಯಾರೂ ಮಾತಾಡುವುದಿಲ್ಲ. ನಾನೂ ಆಡಿರಲಿಲ್ಲ.

ಅವನು ಬಂದು ಬಾಗಿಲ ಮುಂದೆ ನಿಂತ. ಕೆಮ್ಮಿದ.

“ಒಳ್ಳೇ ಸಿನಿಮಾ,” ಅಂದ. ಬಾಗಿಲು ಸುಮ್ಮನಿತ್ತು.

“ಕೆಟ್ಟ ಸಿನಿಮಾ.” ಸುಮ್ಮನಿತ್ತು.

“ಎಲ್ಲಾ ಸುಳ್ಳು. ಗಿಳಿ ಎಲ್ಲಾದ್ರೂ ಹೋಟ್ಲು ಇಡುತ್ತಾ?” ಕದ ಚೌಕಟ್ಟಿಗೆ ಇನ್ನಷ್ಟು ಬಿಗಿದುಕೊಂಡ ಹಾಗೆ ಕರ್ ಅಂದಿತು.

ಅವನು ನನ್ನ ಕಡೆ ತಿರುಗಿದ. “ಏನು ಹೇಳಬೇಕು ಈರಮ್ಮ?”

“ನಾನು ಹೇಳಿಕೊಡೋ ಹಾಗಿಲ್ಲ ಹಾಲಪ್ಪಣ್ಣ. ನಿಮಗೆ ಗೊತ್ತಲ್ಲ.”

“ಗೊತ್ತು.” ಮುದುಕರ ಕುರ್ಚಿ ಎಳೆದುಕೊಂಡು ಕೂತ. ಅರವತ್ತೈದರ ಮೇಲಾಗಿದೆ, ದಪ್ಪ ಆಳು, ಕೂತರೆ ಕುರ್ಚಿ ಕಾಣಿಸುವುದಿಲ್ಲ. “ಮೊಮ್ಮಗಳು ಹಟ ಮಾಡಿದ್ಲು, ಬಂದೆ. ಹಕ್ಕಿ ಸಿನಿಮಾ ಅಂದ್ಲು. ನಂಗೇನು ಗೊತ್ತು.” ಆಮೇಲೆ ಬಾಗಿಲಿಗೆ ಕೇಳುವ ಹಾಗೆ ಗಟ್ಟಿಯಾಗಿ ಅಂದ, “ಆಯ್ತು, ನಾಳೆ ಬೆಳಿಗ್ಗೆ ಮೊಳೆ ಕೀಳಿಸ್ತೀನಿ. ಸಾಕಾ?”

ಬಾಗಿಲು ಜಗ್ಗಲಿಲ್ಲ.

“ನೋಡು, ಅದಕ್ಕೂ ಬಿಡಲ್ಲ ಇದು!”

“ಅದು ನಾಳಿನ ಮಾತು ಕೇಳಲ್ಲ ಅಣ್ಣ. ಸಿನಿಮಾ ನೋಡ್ತಾ ಏನನ್ನಿಸ್ತು, ಅಷ್ಟೇ ಕೇಳೋದು.”

ಎರಡಕ್ಕೆ ಇಪ್ಪತ್ತು ನಿಮಿಷ ಇತ್ತು. ಆ ಕಡೆಯ ಬಾಗಿಲಲ್ಲಿ ಎರಡನೇ ಆಟದ ಜನ ಸೇರುವ ಗದ್ದಲ. ಮೇಲಿನ ಕೋಣೆಯಿಂದ ನಾಗೋಜಿರಾಯರು ಇಳಿದು ಬಂದು, ಕುರ್ಚಿಯಲ್ಲಿ ಕೂತವನನ್ನು ನೋಡಿ, ಗೋಡೆಯ ಗಡಿಯಾರ ನೋಡಿ, ಹೋಗಿ ಗಂಟೆಯ ಹಗ್ಗದ ಹತ್ತಿರ ನಿಂತರು. ಒಳ್ಳೆಯ ಮನುಷ್ಯ. ಆದರೆ ಹೊಡೆಯದೆ ಬಿಡುವವರಲ್ಲ.

“ನಿಂಗೆ ಯಾವತ್ತಾದ್ರೂ ಕಮ್ಮಿ ಹಾಕಿದೀನಾ ಈರಮ್ಮ?” ಅಂದ ಹಾಲಪ್ಪ. “ಹೇಳು. ತಣ್ಣಗಿರೋದು ಕೊಟ್ಟಿದೀನಾ?”

“ಇಲ್ಲ. ಕಂಠದ ತನಕ ಹಾಕಿದೀರ. ಕೆನೆ ಬಂದ ದಿನ ಕೆನೆನೂ ಹಾಕಿದೀರ.”

“ಮತ್ತೆ?”

ಆ ‘ಮತ್ತೆ’ಗೆ ನನ್ನ ಹತ್ತಿರ ಉತ್ತರ ಇತ್ತು. ಹತ್ತೊಂಬತ್ತು ವರ್ಷದ ಉತ್ತರ, ನಾಲಿಗೆಯ ತುದಿಗೆ ಬಂದು ಕೂತಿತ್ತು. ನಾನು ಬಾಯಿ ತೆರೆದರೆ ಅವನು ಅದನ್ನೇ ಹೇಳಿಬಿಡುತ್ತಾನೆ, ಹೇಳಿಕೊಟ್ಟ ಮಾತಿಗೆ ಈ ಬಾಗಿಲು ಯಾವತ್ತೂ ತೆರೆದಿಲ್ಲ. ಹುಲಿಗಿಯ ಏಳು ವರ್ಷ ಹೋಗುತ್ತದೆ. ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ನಿಂತೆ.

ಹೊರಗಿನಿಂದ ಹುಲಿಗಿಯ ದನಿ ಬಂತು. ಕದದ ಸಂದಿಗೆ ಬಾಯಿ ಹಚ್ಚಿ ಮಾತಾಡುತ್ತಿದ್ದಳು. “ಈರಕ್ಕ, ಅವರನ್ನ ಬಲವಂತ ಮಾಡಬೇಡ. ಆಗದಿದ್ರೆ ಬಿಡಲಿ. ಇನ್ನೂರ ಹನ್ನೊಂದು ಜನ ಹೇಳಿದ್ದು ಕೇಳಿಸ್ಕೊಂಡೆ. ಅಷ್ಟು ಸಾಕು ನಂಗೆ.”

ಅವಳು ಬಾಗಿಲ ಆ ಕಡೆ ಇದ್ದಳು, ಅದಕ್ಕೆ ಬಚಾವಾದಳು. ಈ ಕಡೆ ನಿಂತು ಅಷ್ಟು ಸಾಕು ಅಂದಿದ್ದರೆ ಅವಳಿಗೂ ತೆರೆಯುತ್ತಿರಲಿಲ್ಲ.

ಹಾಲಪ್ಪ ಕುರ್ಚಿಯನ್ನು ಬಾಗಿಲ ಹತ್ತಿರಕ್ಕೆ ಸರಿಸಿಕೊಂಡ. ಸಂದಿಯ ಕಡೆ ಬಾಗಿದ.

“ಹುಲಿಗಿ,” ಅಂದ. “ಕಟ್ಟಿಗೆ ಹೊರೆ ತರ್ತಿದ್ದ ಯಂಕಮ್ಮನ ಮಗಳಲ್ಲವೇನೆ ನೀನು?”

“ಹೌದಣ್ಣ.”

“ಆ ಚಿಪ್ಪು ಐದೇ ಯಾಕೆ ಬರೆದೆ?”

“ಐದೇ ಇದ್ವಲ್ಲಣ್ಣ, ನಾನು ಅವ್ವನ ಜೊತೆ ಬರ್ತಿದ್ದಾಗ. ನಂಗೆ ಎಟುಕ್ತಿರಲಿಲ್ಲ. ಅವ್ವ ಎತ್ತಿಕೊಂಡು ತೆಗೆಸೋಳು. ಕೆಳಗೆ ನಿಂತು ನೋಡಿದ್ದು, ಚೆನ್ನಾಗಿ ನೆನಪಿದೆ.”

ಗಡಿಯಾರದಲ್ಲಿ ಎರಡಕ್ಕೆ ಆರು ನಿಮಿಷ. ರಾಯರು ಹಗ್ಗಕ್ಕೆ ಕೈ ಹಾಕಿದ್ದರು. ಹಾಲಪ್ಪ ಎದ್ದು ನಿಂತ. ಈ ಸಲ ಕೆಮ್ಮಲಿಲ್ಲ.

“ಎಣಿಸ್ದೆ,” ಅಂದ. ಬಾಗಿಲಿಗೆ ಹೇಳಿದನೋ ನನಗೋ ಗೊತ್ತಾಗಲಿಲ್ಲ. “ಚಿಪ್ಪು ಕಾಣಿಸಿದ ಕೂಡ್ಲೇ ಎಣಿಸ್ದೆ. ಐದು. ನಮ್ಮಲ್ಲಿ ಆರು. ಹಾಗಾದ್ರೆ ಇದು ನಮ್ಮ ಹೋಟ್ಲಲ್ಲ ಅಂತ ಸಮಾಧಾನ ಆಯ್ತು. ಮತ್ತೆ ತೋರಿಸಿದಾಗ ಮತ್ತೆ ಎಣಿಸ್ದೆ. ಎಲ್ಲರೂ ನಗೋವಾಗ ನಾನು ಎಣಿಸ್ತಿದ್ದೆ, ಎಲ್ಲರೂ ಅಳೋವಾಗ ಎಣಿಸ್ತಿದ್ದೆ. ಆಮೇಲೆ ಆ ಮರಿ ಯಾಕೆ ಮುಳ್ಳು ಅಂತ ಕೇಳುತ್ತಲ್ಲ, ಆವಾಗ ತಲೆಗೆ ಬಂತು. ಐದು ಮೊಳೆ ನಮ್ಮಪ್ಪ ಹೊಡೆದಿದ್ದು.” ಅವನು ತನ್ನ ಬಲಗೈ ನೋಡಿಕೊಂಡ. “ಆರನೇದು ನಾನು ಹೊಡೆದದ್ದು. ಈ ಈರಮ್ಮನಿಗೆ ಅಂತ, ನನ್ನ ಕೈಯಾರೆ. ಯಾರೂ ಹೊಡಿ ಅಂದಿರಲಿಲ್ಲ.”

ಬಲಗಡೆಯ ಕದ ತೆರೆಯಿತು. ಅದರ ಹಿಂದೆಯೇ ಎಡಗಡೆಯದೂ ತೆರೆಯಿತು. ನನ್ನ ಹತ್ತೊಂಬತ್ತು ವರ್ಷದಲ್ಲಿ ಎಡಗಡೆಯ ಕದ ತೆರೆದದ್ದನ್ನು ನೋಡಿದ್ದು ಅದೇ ಮೊದಲು. ತಿರುಗಣೆಯಿಂದ ತುಕ್ಕು ಉದುರಿತು. ಬಿಸಿಲು ಒಮ್ಮೆಗೇ ಒಳಗೆ ನುಗ್ಗಿತು. ಜನ ಹೊರಗೆ ಕಿಕ್ಕಿರಿದು ನಿಂತಿದ್ದರು, ಎಲ್ಲರೂ ಕೇಳಿಸಿಕೊಂಡಿದ್ದರು.

ಹಾಲಪ್ಪ ಮೆಟ್ಟಿಲಿಳಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಬೈಯಲಿಲ್ಲ. ಪುಟ್ಟಿ ಓಡಿ ಬಂದು ಅವನ ಬೆರಳು ಹಿಡಿದುಕೊಂಡು, “ಇಷ್ಟೊತ್ತು ಏನು ಮಾಡ್ತಿದ್ದೆ ತಾತ?” ಅಂದಳು. ಅಷ್ಟರಲ್ಲಿ ಹಿಂದೆ ಗಂಟೆ ಢಣ್ ಅಂತ ಹೊಡೆಯಿತು. ರಾಯರು ಕಿಟಕಿಯಿಂದ ತಲೆ ಹೊರಗೆ ಹಾಕಿ, “ನಲವತ್ತು ದಿನ!” ಅಂತ ಕೂಗಿದರು.

ಆಗ ನೋಡಬೇಕಿತ್ತು ನೀವು. ಮೈಲಪ್ಪ ಟವೆಲ್ ತಿರುಗಿಸಿ ಮೇಲಕ್ಕೆಸೆದ. ಶಾರದಮ್ಮ ಬುಟ್ಟಿಯಲ್ಲಿದ್ದ ಹೂವನ್ನೆಲ್ಲ ಮೊಳವನ್ನೂ ಹಾಕದೆ ಹುಲಿಗಿಯ ತಲೆಗೆ ಸುತ್ತಿದಳು. ಅಂಗನವಾಡಿ ಮಕ್ಕಳು ಗೊರವಂಕದ ದನಿಯಲ್ಲಿ ಕೂಗಿಕೊಂಡು ಸುತ್ತ ಓಡಿದರು. ಮೇಷ್ಟ್ರು ಆವಾಗಲೇ ಹೋದವರು ಎಲ್ಲಿಂದಲೋ ವಾಪಸ್ ಬಂದು ಎರಡನೇ ಆಟಕ್ಕೆ ಟಿಕೆಟ್ ಸಾಲಿನಲ್ಲಿ ನಿಂತಿದ್ದರು. ಹುಲಿಗಿ ಮಾತ್ರ ಸೋಡಾ ಪೆಟ್ಟಿಗೆಯ ಮೇಲೆ ಹತ್ತಿ ನಿಂತು, ತಲೆಯ ತುಂಬ ಹೂವು ಹೊತ್ತುಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದಳು. ಐದನೇ ಕ್ಲಾಸು ಬಿಡುವ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ನಾನು ನೀಲಿ ಡಬ್ಬ, ಕುಂಚ ತೆಗೆದುಕೊಂಡು ಗೋಡೆಯ ಹತ್ತಿರ ಹೋದೆ. ಹಾಲಪ್ಪ ರಸ್ತೆ ದಾಟದೆ ಅಲ್ಲೇ ನಿಂತಿದ್ದ.

“ನನ್ನ ಮಾತೇ ಬರೀತೀಯಾ?”

“ಹೂಂ ಅಣ್ಣ.”

“ಹೆಸರು ಬೇಡ ಕಣೆ ಈರಮ್ಮ.”

“ಹೆಸರಿಲ್ಲದೆ ಬರೆಯೋ ಹಾಗಿಲ್ಲ. ಎಲ್ಲರಿಗೂ ಒಂದೇ ಕಟ್ಟಳೆ.”

ಅವನು ಗೋಡೆಯನ್ನೂ ತನ್ನ ಹೋಟೆಲನ್ನೂ ಒಂದೆರಡು ಸಲ ನೋಡಿದ. “ಹಾಗಾದ್ರೆ ಹೋಟ್ಲು ಹೆಸರನ್ನೂ ಹಾಕು,” ಅಂದ. “ಎದುರಿಗೇ ಇದೆ ಅಂತಾನೂ ಬರಿ.” ವ್ಯಾಪಾರಸ್ಥ ಎಷ್ಟಾದರೂ ವ್ಯಾಪಾರಸ್ಥನೇ.

ನನ್ನ ಅಕ್ಷರ ಗೊತ್ತಲ್ಲ, ಪೂರ್ತಿ ಗೋಡೆ ಬೇಕಾಯಿತು. “ಸಿನಿಮಾದಲ್ಲಿ ಐದು. ನಮ್ಮಲ್ಲಿ ಆರು. ಆರನೆಯದು ನಾನು ಹೊಡೆದದ್ದು – ಹಾಲಪ್ಪ, ಎದುರಿನ ಹೋಟೆಲ್.”

ಗೋಡೆಯ ಮೇಲೆ ಅಂಥ ಮಾತು ಕಂಡರೆ ಜನ ಬಿಡುತ್ತಾರಾ? ಏನದು ಐದು, ಏನದು ಆರು ಅಂತ ನೋಡಲಿಕ್ಕೇ ಸಾಲುಗಟ್ಟಿದರು. ಎರಡನೇ ದಿನಕ್ಕೆ ಎತ್ತಿನ ಗಾಡಿ, ಟ್ರ್ಯಾಕ್ಟರು ಮಾಡಿಕೊಂಡು ಪಕ್ಕದ ಊರಿನವರು ಬಂದರು. ಚಿಪ್ಪು ತೆರೆಯ ಮೇಲೆ ಬಂದ ಕೂಡಲೇ ಟಾಕೀಸಿನ ಮಕ್ಕಳೆಲ್ಲ ಒಂದೇ ದನಿಯಲ್ಲಿ ಎಣಿಸುತ್ತಿದ್ದರು: ಒಂದು, ಎರಡು, ಮೂರು, ನಾಲ್ಕು, ಐದು! ಆಮೇಲೆ ಒಂದು ಸಣ್ಣ ದನಿ, “ಆರನೇದು ಎದುರಿಗಿದೆ!” ಆಟ ಬಿಟ್ಟ ಮೇಲೆ ಜನ ಸೀದಾ ರಸ್ತೆ ದಾಟಿ ಹೋಟೆಲಿನ ಹಿಂದಿನ ಗೋಡೆಗೆ ಹೋಗಿ ಬೆರಳು ಮಾಡಿ ಎಣಿಸುವುದು. ಹಾಲಪ್ಪ ಮೊದಲ ದಿನ ತಲೆ ತಗ್ಗಿಸಿಕೊಂಡು ಚಹಾ ಸುರಿದ. ಎರಡನೇ ದಿನ, ಯಾರೋ ಹೊರಗಿನವರು ಹೋಟೆಲಿನ ಬಾಗಿಲಿಗೇ ಬಂದು “ಆ ಲೋಟ ಎಲ್ಲಿದಾವೆ, ತೋರಿಸ್ತೀರಾ?” ಅಂತ ಕೇಳಿದಾಗ ಅವನು ಕೈಯಲ್ಲಿದ್ದ ಜಗ್ಗನ್ನು ಕೆಳಗಿಟ್ಟು ಒಳಗೆ ಹೋದನಂತೆ. ನಾನು ನೋಡಲಿಲ್ಲ, ಬಾಗಿಲಲ್ಲಿದ್ದೆ. ಸಂಜೆಯ ಆಟದ ಹೊತ್ತಿಗೆ ಪಕ್ಕದ ಊರಿನ ಆ ಎರಡು ಟಾಕೀಸಿನವರೂ ಬಂದು ರಾಯರ ಕೋಣೆಯಲ್ಲಿ ಕೂತಿದ್ದರು. ಡಬ್ಬ ನಮಗೂ ಕೊಡಿ ಅಂತ. ಹುಲಿಗಿ ಒಪ್ಪಿದಳು. “ಆದ್ರೆ ಮೊದಲು ನೀವೇ ನೋಡಿ, ಈ ಬಾಗಿಲಿಂದ ಹೊರಗೆ ಹೋಗಬೇಕು,” ಅಂದಳು. ಅವರಿಬ್ಬರೂ ಅವತ್ತು ಮುಕ್ಕಾಲು ಗಂಟೆ ಹಿಡಿಕೆ ಹಿಡಿದುಕೊಂಡು ನಿಂತಿದ್ದರು. ಏನು ಹೇಳಿ ಹೋದರು ಅನ್ನುವುದನ್ನು ಇನ್ನೊಂದು ಸಲ ಹೇಳುತ್ತೇನೆ ಅಂದರೆ ನೀವು ಬೈಯುತ್ತೀರಿ, ಈಗಲೇ ಹೇಳುತ್ತೇನೆ. ಒಬ್ಬ ಹೆದರಿಕೆ ಆಗಿತ್ತು ಅಂದ. ಇನ್ನೊಬ್ಬ ಡಬ್ಬ ತೆರೆದೇ ಇರಲಿಲ್ಲ ಅಂದ.

ಮೂರನೇ ದಿನ ಬೆಳಿಗ್ಗೆ, ಕಾಲು ತನ್ನ ರೂಢಿಯಂತೆ ನನ್ನನ್ನು ಹೋಟೆಲಿನ ಹಿಂದಕ್ಕೇ ಕರೆದುಕೊಂಡು ಹೋಯಿತು. ಗೋಡೆಯಲ್ಲಿ ಆರು ತೂತು ಇದ್ದವು. ಕೆಳಗೆ ಸುಣ್ಣದ ಪುಡಿ ಬಿದ್ದಿತ್ತು. ಒಂದು ತೂತು ಉಳಿದವುಗಳಿಗಿಂತ ದೊಡ್ಡದು, ಆ ಮೊಳೆ ಸುಲಭಕ್ಕೆ ಬಂದಿರಲಿಲ್ಲ ಅಂತ ಕಾಣುತ್ತದೆ. ಯಾವುದು ಅಂತ ನಾನು ಹೇಳಬೇಕಾಗಿಲ್ಲ.

“ಅಲ್ಲೇನು ಹುಡುಕ್ತೀಯ ಈರಮ್ಮ?” ಒಳಗಿನಿಂದ ಹಾಲಪ್ಪನ ದನಿ. “ಮುಂದಿನಿಂದ ಬಾ. ಫ್ಯಾನ್ ಕೆಳಗೆ ಜಾಗ ಇದೆ.”

ಮುಂದಿನಿಂದ ಹೋದೆ. ಮೈಲಪ್ಪ ಆಗಲೇ ನಡುವಿನ ಮೇಜಿನಲ್ಲಿ ಕೂತು ಬನ್ನನ್ನು ಚಹಾಕ್ಕೆ ಅದ್ದುತ್ತಿದ್ದ, ಹುಟ್ಟಿದಾಗಿನಿಂದ ಅಲ್ಲೇ ಕೂತವನ ಹಾಗೆ. ನನಗೆ ಕೂರಲು ಸ್ವಲ್ಪ ಹೊತ್ತು ಹಿಡಿಯಿತು. ಬೆಂಚು ತಣ್ಣಗಿತ್ತು.

“ನನ್ನ ಲೋಟ ಎಲ್ಲಿ ಅಣ್ಣ?” ಅಂದೆ.

“ಎಲ್ಲಾ ಒಂದೇ ಬುಟ್ಟೀಲಿ ಬಿದ್ದು ತೊಳೆದುಹೋದ್ವು. ಯಾವುದು ಯಾರದು ಅಂತ ನಂಗೇನು ಗೊತ್ತು?” ಅಂದ ಹಾಲಪ್ಪ, ನನ್ನ ಮುಖ ನೋಡದೆ. ನನ್ನ ಮುಂದೆ ಒಂದು ಲೋಟ ಇಟ್ಟ. ನುಣ್ಣಗಿತ್ತು, ಎಲ್ಲೂ ತಗ್ಗಿರಲಿಲ್ಲ. ನನ್ನ ಹೆಬ್ಬೆರಳು ಎಲ್ಲಿ ಕೂರಬೇಕು ಅಂತ ತಿಳಿಯದೆ ಸುಮ್ಮನೆ ಅಂಚಿನ ಸುತ್ತ ಓಡಾಡಿತು. ಚಹಾ ಎಂದಿನ ಹಾಗೇ ಇತ್ತು. ರುಚಿಯ ವಿಷಯದಲ್ಲಿ ಸುಳ್ಳು ಹೇಳಲಾರೆ.

ಪಕ್ಕದ ಮೇಜಿನಲ್ಲಿ ಗುರುಬಸಯ್ಯ ಮೇಷ್ಟ್ರು ಪೇಪರ್ ಓದುತ್ತಿದ್ದರು. ಓದುತ್ತಲೇ ಲೋಟ ಬರಿದು ಮಾಡಿ, ಕಣ್ಣು ಪೇಪರಿನಿಂದ ತೆಗೆಯದೆ ಕೈ ಚಾಚಿದರು. “ಹಾಲಪ್ಪ, ಇನ್ನೊಂದರ್ಧ ಹಾಕಯ್ಯ.”

ಅವರ ಹೆಬ್ಬೆರಳು ಅಂಚಿನ ಹತ್ತಿರದ ಒಂದು ತಗ್ಗಿನಲ್ಲಿ ಹಾಯಾಗಿ ಕೂತಿತ್ತು. ಹಾಲಪ್ಪ ಜಗ್ಗು ಹಿಡಿದುಕೊಂಡು ಬಂದವನು ಆ ತಗ್ಗನ್ನು ನೋಡಿದ, ತಲೆಯೆತ್ತಿ ನನ್ನನ್ನು ನೋಡಿದ. ಕೆಮ್ಮಿದ. ಆಮೇಲೆ ಸುರಿದ. ಅರ್ಧಕ್ಕೆ ನಿಲ್ಲಿಸಲಿಲ್ಲ, ಕಂಠದ ತನಕ ಸುರಿದ, ಚಹಾ ಉಕ್ಕಿ ತಗ್ಗಿನ ಮೇಲೆ ಹರಿದು ಮೇಷ್ಟ್ರ ಪೇಪರಿನ ಮೇಲೆ ಬಿತ್ತು.